ಆಟದ ಮೈಕು, ತಂತಿ ಮತ್ತು ಕಿವಿ

ಭಟ್ಕಳದಿಂದ ಕುಮಟಾವರೆಗಿನ ಕರಾವಳಿಯಲ್ಲಿ ಯಕ್ಷಗಾನ ಬಯಲಾಟ ಬಹುಕಾಲ ಮೈಕಿಲ್ಲದೆಯೇ ನಡೆಯಿತು. ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಚಂಡೆಯ ಪೆಟ್ಟು ಗದ್ದೆಬಯಲು ದಾಟಿ ಆಚೆ ಊರಿಗೆ ಮುಟ್ಟುತ್ತಿತ್ತು. ಹಿಮ್ಮೇಳದ ನಾದ ಸರಿಯಿದೆಯೇ ಎಂದು ತೀರ್ಮಾನಿಸಲು ಇದ್ದ ಉಪಕರಣ ಕಿವಿಯೊಂದೇ. ಮದ್ದಳೆಯ ಬಲಮುಖಕ್ಕೆ ಕರಣೆ ಎಂಬ ಕಪ್ಪು ಲೇಪ ಹಾಕುವವರು ಅದನ್ನೇ ನಂಬಿ ಪದರದ ಮೇಲೆ ಪದರ ತಿಕ್ಕಿ, ಬಾರಿಸಿ ನೋಡಿ, ಮತ್ತೆ ತಿಕ್ಕುತ್ತಿದ್ದರು.

ಆ ಕಿವಿಗೆ ಲೆಕ್ಕದ ಬೆಂಬಲ ಕೊಟ್ಟವರು ಸಿ.ವಿ. ರಾಮನ್. ಬರಿಯ ಚರ್ಮದ ಹೊದಿಕೆಯಲ್ಲಿ ಏಳುವ ಸ್ವರಗಳ ಅನುಪಾತ 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಆದ್ದರಿಂದಲೇ ಸಾಮಾನ್ಯ ಡೋಲಿಗೆ ಶ್ರುತಿ ನಿಲ್ಲುವುದಿಲ್ಲ. ಮೃದಂಗ, ತಬಲಗಳ ಮುಖದ ನಡುವಿನ ಇಂಥದೇ ಕಪ್ಪು ಲೇಪ ಈ ಅನುಪಾತವನ್ನು 1, 2, 3, 4, 5ರತ್ತ ಎಳೆದು ತರುತ್ತದೆ ಎಂದು ಅವರು 1920ರಲ್ಲಿ ತೋರಿಸಿದರು. ಚರ್ಮದ ಮೇಲೆ ನುಣ್ಣನೆ ಮರಳು ಉದುರಿಸಿ ಬಾರಿಸಿದಾಗ ಅದು ಕಂಪನವಿಲ್ಲದ ಗೆರೆಗಳಲ್ಲಿ ಬಂದು ನಿಲ್ಲುತ್ತಿತ್ತು. ಒಂಬತ್ತು ಬಗೆಯ ಕಂಪನಗಳು ಸೇರಿ ಐದೇ ಸ್ವರಗಳಾಗುತ್ತವೆ ಎಂಬ ವಿವರ 1934ರ ಪ್ರಬಂಧದಲ್ಲಿದೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಮದ್ದಳೆ ಎರಡೂ ಕಡೆಗೆ ಸೇರಿದ್ದು.

ಮುಂದೆ ಮೈಕ್ ಸೆಟ್ ಬಂದಾಗ ನಾದ ತಂತಿಯೊಳಗೆ ಹರಿಯತೊಡಗಿತು, ತಕರಾರೂ ಶುರುವಾಯಿತು. ಕಂಬಕ್ಕೆ ಕಟ್ಟುವ ಹಾರ್ನಿನಲ್ಲಿ ಮದ್ದಳೆ ತಗಡು ಬಡಿದಂತೆ ಕೇಳುತ್ತದೆ ಎಂಬ ದೂರು ಸುಳ್ಳಲ್ಲ. ಇಂಥ ಹಾರ್ನು ಸುಮಾರು 300 ಹರ್ಟ್ಸಿಗಿಂತ ಕೆಳಗಿನ ನಾದವನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಎಡಮುಖದ ಮಂದ್ರ ಅಲ್ಲಿಗೆ ಹೋಯಿತು. ಉಳಿದದ್ದು ಬೆರಳಿನ ಪೆಟ್ಟು, ಚಂಡೆ ಮತ್ತು ಭಾಗವತಿಕೆ. ಇಷ್ಟನ್ನು ಹೇಳಲು ಸ್ಪೀಕರಿನ ಅಳತೆಯ ಒಂದು ನಕ್ಷೆ ಸಾಕು.

ತಂತಿಯ ವಿಷಯ ಸ್ವಲ್ಪ ಸೂಕ್ಷ್ಮ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 50 ಮೀಟರ್ ದೂರವೆಂದರೆ ಹೋಗಿ ಬರುವ ತಾಮ್ರ 100 ಮೀಟರ್. 1.5 ಚದರ ಮಿಲಿಮೀಟರ್ ತಂತಿಯಾದರೆ ಅದರ ರೋಧ ಸುಮಾರು 1.15 ಓಮ್. ಎಂಟು ಓಮಿನ ಬಾಕ್ಸಿಗೆ ಸೇರಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇದರಿಂದ ಖೋತಾ. ಸದ್ದು ತಗ್ಗುವುದಷ್ಟೇ ಅಲ್ಲ. ಎಂಟು ಓಮ್ ಎಂಬುದು ಡಬ್ಬದ ಮೇಲಿನ ಹೆಸರು ಮಾತ್ರ. ಅದೇ ಸ್ಪೀಕರ್ ಒಂದು ಸ್ವರಕ್ಕೆ 6 ಓಮ್, ಇನ್ನೊಂದಕ್ಕೆ 30 ಓಮ್ ಆಗಬಲ್ಲದು. ಆಗ ಮೊದಲನೆಯದು ಎರಡನೆಯದಕ್ಕಿಂತ ಸುಮಾರು 1.2 ಡೆಸಿಬೆಲ್ ಹೆಚ್ಚು ಕುಗ್ಗುತ್ತದೆ, ನಾದದ ಬಣ್ಣವೇ ಬದಲಾಗುತ್ತದೆ. ವೈರು ಬದಲಿಸಿದರೆ ಧ್ವನಿ ಬೇರೆಯಾಗುತ್ತದೆ ಎಂದು ಮೈಕಿನವರು ಹೇಳಿದರೆ ಓಮ್ ಲೆಕ್ಕ ಅವರ ಪರವಾಗಿಯೇ ನಿಲ್ಲುತ್ತದೆ. ಊರಿನುದ್ದಕ್ಕೂ ಹಾರ್ನು ಕಟ್ಟುವವರು 100 ವೋಲ್ಟ್ ಲೈನಿಗೆ ಹೋದದ್ದೂ ಇದಕ್ಕೇ: 30 ವ್ಯಾಟಿನ ಹಾರ್ನು ಅಲ್ಲಿ 333 ಓಮಿನಂತೆ ಕಾಣುವುದರಿಂದ ಅದೇ ತಂತಿಯಲ್ಲಿ ನಷ್ಟ ನೂರಕ್ಕೆ ಒಂದರಷ್ಟೂ ಇಲ್ಲ.

ಮನೆಯೊಳಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಎರಡು ಮೀಟರ್ ದೂರಕ್ಕೆ ಅದೇ ತಂತಿ ಎಳೆದರೆ ಆ 1.2 ಡೆಸಿಬೆಲ್ ವ್ಯತ್ಯಾಸ 0.06ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆದರೂ 1970ರ ದಶಕದ ಕೊನೆಯಿಂದ ದುಬಾರಿ ಸ್ಪೀಕರ್ ಕೇಬಲ್ಲಿನ ವ್ಯಾಪಾರ ಬೆಳೆದದ್ದು ಇಂಥ ಬೈಠಕ್‌ಖಾನೆಗಳನ್ನು ನಂಬಿಕೊಂಡೇ. 1983ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಕೇಬಲ್ಲಿನ ಹೆಸರು ಮುಚ್ಚಿಟ್ಟು ಕೇಳಿಸುವ ಪರೀಕ್ಷೆ ನಡೆಸಿತು. ತೀರಾ ತೆಳುವಾದ ತಂತಿಯನ್ನು ಕೇಳುಗರು ಗುರುತಿಸಬಲ್ಲವರಾಗಿದ್ದರು. ದಪ್ಪಗಿನ ಅಗ್ಗದ ವೈರು ಮತ್ತು ಹೆಸರಾಂತ ಕೇಬಲ್ಲಿನ ಸದ್ದಿನ ಮಟ್ಟ ಸಮ ಮಾಡಿದಾಗ ಗುರುತು ಸಿಗಲಿಲ್ಲ. ಸದ್ದು ಚೂರು ಹೆಚ್ಚಾದದ್ದನ್ನೇ ಕಿವಿ ಹೆಚ್ಚು ಇಂಪೆಂದು ಒಪ್ಪಿಕೊಳ್ಳುತ್ತದೆ. ಅಂಗಡಿಯ ಪ್ರದರ್ಶನಗಳಲ್ಲಿ ನಡೆಯುವ ಮೋಡಿಯಲ್ಲಿ ಅರ್ಧ ಇದೇ.

ಹಾಗೆಂದು ಮೀಟರೇ ಯಾವಾಗಲೂ ಗೆದ್ದಿಲ್ಲ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಂದ ಹೊಸದರಲ್ಲಿ ಕಾಗದದ ಮೇಲೆ ವಿಕೃತಿ ಅತ್ಯಲ್ಪ, ಕೇಳಿದರೆ ಕರ್ಕಶ. ಅಳತೆ ಪೂರ್ತಿ ವಾಲ್ಯೂಮಿನಲ್ಲಿ ನಡೆದಿತ್ತು. ಎರಡು ಟ್ರಾನ್ಸಿಸ್ಟರುಗಳು ಕೆಲಸ ಕೈ ಬದಲಿಸುವ ಹೊತ್ತಿನ ದೋಷ ಎದ್ದು ಕೇಳುವುದು ಮೆಲುದನಿಯಲ್ಲಿ. ಮೇಲಿನ ಸ್ವರಗಳ ವಿಕೃತಿಗೆ ಹೆಚ್ಚು ತೂಕ ಕೊಡಬೇಕೆಂದು ಬಿಬಿಸಿಯ ಡಿ.ಇ.ಎಲ್. ಶಾರ್ಟರ್ 1950ರಲ್ಲೇ ಸೂಚಿಸಿದ್ದರು. ಮಾರಾಟದ ಕಾಗದಗಳು ಒಂದೇ ಶೇಕಡಾ ಅಂಕಿಗೆ ಅಂಟಿಕೊಂಡವು. ಕಿವಿ ಹಿಡಿದದ್ದು ನಿಜ ದೋಷ. ಅದನ್ನು ತೋರಿಸುವ ಅಳತೆ ಬೇರೆ ಇತ್ತು, ಅಷ್ಟೆ.

ಶರಾವತಿ ಕಡಲು ಸೇರುವ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡದಂಥ ಕಡೆ ಇಂಥದೇ ಇನ್ನೊಂದು ಸಂದರ್ಭವಿದೆ. ಉಪ್ಪುಗಾಳಿಗೆ ತಾಮ್ರದ ಜೋಡಣೆ ಹಸಿರುಗಟ್ಟುತ್ತದೆ. ಮಲ್ಟಿಮೀಟರ್ ಹಿಡಿದರೆ ಓಮ್ ಸರಿಯೆಂದೇ ತೋರಿಸಬಹುದು, ಏಕೆಂದರೆ ಅದು ಹರಿಸುವ ವಿದ್ಯುತ್ತು ಅತ್ಯಲ್ಪ. ಆಂಪ್ಲಿಫೈಯರಿನ ಪೂರ್ತಿ ಭಾರ ಬಿದ್ದಾಗ ಜೋಡಣೆ ಬಿಸಿಯಾಗಿ, ಗಾಳಿಗೆ ಅಲುಗಾಡಿ ಪಟಪಟ ಸದ್ದು ಮಾಡುತ್ತದೆ. ದೋಷ ಹುಡುಕಬೇಕಾದರೆ ಸ್ಪೀಕರಿಗೆ ಸದ್ದು ಹರಿಯುತ್ತಿರುವಾಗಲೇ ಜೋಡಣೆಯ ಎರಡು ಬದಿಗಳ ನಡುವಿನ ವೋಲ್ಟೇಜ್ ನೋಡಬೇಕು.