ಗೌಡಕಿ ಹೊಲ ಯಾರ ಪಾಲು?

ಶಿಗ್ಗಾವಿ ತಾಲ್ಲೂಕಿನ ದುಂಡಸಿ ಹೋಬಳಿಯಲ್ಲಾಗಲಿ, ನೆರೆಯ ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯಲ್ಲಾಗಲಿ ಹಳಬರನ್ನು ಹೊಲದ ಗುರುತು ಕೇಳಿದರೆ ಸರ್ವೆ ನಂಬರಿಗಿಂತ ಮೊದಲು ಬರುವುದು ಹೆಸರು. ಇದು ಗೌಡಕಿ ಹೊಲ, ಅದು ಕುಲಕರ್ಣಿಕಿ, ಹಳ್ಳದ ಆಚೆಯದು ತಳವಾರಕಿ ಎನ್ನುತ್ತಾರೆ. ವಂಶಪಾರಂಪರ್ಯದ ಗೌಡಕಿ ಕಾನೂನಿನಲ್ಲಿ ಅಳಿದು ಅರವತ್ತು ವರ್ಷ ದಾಟಿದೆ. ಹೆಸರು ಉಳಿದಿದೆ, ಹೆಸರಿನ ಜೊತೆಗೆ ವ್ಯಾಜ್ಯವೂ ಉಳಿದಿದೆ.

ಗೌಡ ಕಂದಾಯ ಎತ್ತುತ್ತಿದ್ದ, ಕುಲಕರ್ಣಿ ಲೆಕ್ಕ ಬರೆಯುತ್ತಿದ್ದ, ತಳವಾರ ಊರು ಕಾಯುತ್ತಿದ್ದ, ವಾಲೀಕಾರ ಚಾವಡಿಯ ಕರೆ ಮುಟ್ಟಿಸುತ್ತಿದ್ದ. ಸಂಬಳದ ಬದಲು ಇವರಿಗೆ ನೆಲವಿತ್ತು. ಕೆಲಸ ತಂದೆಯಿಂದ ಮಗನಿಗೆ ಇಳಿಯುತ್ತಿದ್ದುದರಿಂದ ನೆಲವೂ ಹಾಗೆಯೇ ಇಳಿಯುತ್ತಿತ್ತು. ಇದೇ ವತನ. ಪರಗಣೆಯ ಮಟ್ಟದಲ್ಲಿ ದೇಸಾಯಿಯದಾದರೆ ಅದು ದೇಶಗತಿ. ಕೇಳಲು ಸರಳವಾದ ಏರ್ಪಾಡು. ಆದರೆ ಗೌಡನಿಗೆ ಮೂವರು ಮಕ್ಕಳಾದರೆ? ಗೌಡಕಿಯ ಗಾದಿ ಒಂದೇ, ಉಣ್ಣುವ ಬಾಯಿ ಮೂರು. ನೆಲ ಗಾದಿಯದೋ ಮನೆತನದ್ದೋ ಎಂಬುದು ಆಗ ಎದ್ದ ಪ್ರಶ್ನೆ. ಇದಕ್ಕೆ ಉತ್ತರ ಕಾಯಿದೆಯ ಪುಸ್ತಕದಲ್ಲಿ ಇರಲಿಲ್ಲ. ಸುಮಾರು ನೂರು ವರ್ಷಗಳ ಕಾಲ ಅದನ್ನು ತುಂಡುತುಂಡಾಗಿ ಬರೆದವರು ನ್ಯಾಯಾಧೀಶರು.

ದುಂಡಸಿ ಆಗ ಧಾರವಾಡ ಜಿಲ್ಲೆಯ ಬಂಕಾಪುರ ತಾಲ್ಲೂಕಿಗೆ ಸೇರಿತ್ತು. ಮಾಮಲೇದಾರ ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. ಹಿರೇಕೆರೂರು ಇದ್ದದ್ದು ಕೋಡ ತಾಲ್ಲೂಕಿನಲ್ಲಿ. ಪಕ್ಕದ ಸವಣೂರಿನಲ್ಲಿ 1948ರವರೆಗೆ ನವಾಬರ ಸಂಸ್ಥಾನ. ಹೀಗಾಗಿ ಕೆಲವೇ ಹರದಾರಿಯ ಅಂತರದಲ್ಲಿ ಎರಡು ಆಡಳಿತ, ಎರಡು ನ್ಯಾಯವ್ಯವಸ್ಥೆ. ಬ್ರಿಟಿಷ್ ಸೀಮೆಯ ರೈತನ ಸಿವಿಲ್ ದಾವೆ ಧಾರವಾಡ ದಾಟಿದರೆ 1862ರಲ್ಲಿ ಸ್ಥಾಪನೆಯಾದ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು. ಅಲ್ಲಿಂದಲೂ ಮುಂದೆ ಹೋಗುವ ಶಕ್ತಿ ಇದ್ದವರಿಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಇತ್ತು.

1874ರಲ್ಲಿ ಮುಂಬಯಿ ಸರ್ಕಾರ ವತನದ ಕಾಯಿದೆ ತಂದಿತು. ವತನದಾರ ತನ್ನ ನೆಲವನ್ನು ಸರ್ಕಾರದ ಒಪ್ಪಿಗೆ ಇಲ್ಲದೆ, ಅದೇ ವತನಕ್ಕೆ ಸೇರದವನಿಗೆ, ತನ್ನ ಜೀವಿತ ಕಾಲವನ್ನು ಮೀರಿ ಪರಭಾರೆ ಮಾಡುವಂತಿಲ್ಲ ಎಂದಿತು. 1886ರ ಇನ್ನೊಂದು ಕಾಯಿದೆ ಹೆಂಗಸರನ್ನು ಹಿಂದಕ್ಕೆ ಸರಿಸಿತು. ಕೊನೆಯ ಗಂಡು ಒಡೆಯನ ವಿಧವೆಯನ್ನು ಬಿಟ್ಟರೆ, ಮನೆತನದ ಉಳಿದ ಯಾವ ಹೆಣ್ಣಿಗೂ ವಾರಸು ಅರ್ಹತೆಯುಳ್ಳ ಗಂಡಸರೆಲ್ಲ ಮುಗಿದ ಮೇಲೆಯೇ ಸರದಿ. ಸ್ವಂತ ಮಗಳಿರುವಾಗ ದೂರದ ದಾಯಾದಿ ಬಂದು ಹೊಲಕ್ಕೆ ನೇಗಿಲು ಹೂಡಬಹುದಿತ್ತು. ಕಾಯಿದೆ ಇದನ್ನೆಲ್ಲ ಸ್ಪಷ್ಟವಾಗಿ ಹೇಳಿತು. ಅಣ್ಣತಮ್ಮಂದಿರ ಪಾಲಿನ ವಿಷಯದಲ್ಲಿ ಮಾತ್ರ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಲಿಲ್ಲ.

ಆ ಮೌನವನ್ನು ಮುರಿದದ್ದು 1880ರ ಒಂದು ತೀರ್ಪು. ಅದೃಶ್ಯಪ್ಪ, ಗುರುಸಿದ್ದಪ್ಪ ಎಂಬ ದೇಸಾಯಿ ಮನೆತನದ ಅಣ್ಣತಮ್ಮಂದಿರ ವ್ಯಾಜ್ಯ ಮುಂಬಯಿ ಹೈಕೋರ್ಟಿನಿಂದ ಪ್ರಿವಿ ಕೌನ್ಸಿಲಿಗೆ ಹೋಯಿತು. ದೇಶಗತಿ ಎಂದ ಮಾತ್ರಕ್ಕೆ ಆಸ್ತಿ ಒಡೆಯಲಾಗದ್ದು ಎಂದು ತಿಳಿಯಬೇಕಾಗಿಲ್ಲ, ಹಾಗೆನ್ನುವವನೇ ಸಂಪ್ರದಾಯವನ್ನು ಸಾಬೀತು ಮಾಡಬೇಕು ಎಂದಿತು ಕೌನ್ಸಿಲ್. ರುಜುವಾತಿನ ಹೊಣೆಯನ್ನು ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಬದಲಿಸಿದಂತೆ ಇದು ಕಾಣುತ್ತದೆ. ಆದರೆ ಹಳೆಯ ಕಾಗದ, ಮೋಡಿ ದಫ್ತರ, ಸಾಕ್ಷಿ ಹೇಳುವ ಮುದುಕರು ಎಲ್ಲ ಹಿರಿಯನ ಕೈಯಲ್ಲೇ ಇರುತ್ತಿದ್ದ ಕಾಲವದು. ಬರಿಗೈಯ ತಮ್ಮನೇ ರುಜುವಾತು ಮಾಡಬೇಕು ಎಂದಿದ್ದರೆ ಎಷ್ಟೋ ಮನೆತನಗಳಲ್ಲಿ ತಮ್ಮಂದಿರು ಅನ್ನಕ್ಕೆ ಮಾತ್ರ ಹಕ್ಕುದಾರರಾಗಿ ಉಳಿಯುತ್ತಿದ್ದರು.

ತಮ್ಮನಿಗಿಂತ ಕಷ್ಟದ ಸ್ಥಿತಿ ವಿಧವೆಯದು. ಕೂಡುಕುಟುಂಬದಲ್ಲಿ ಗಂಡ ತೀರಿದರೆ ಅವನ ಪಾಲು ಮೈದುನ, ಭಾವಂದಿರಲ್ಲಿ ಸೇರಿಹೋಗುತ್ತಿತ್ತು. ಆಕೆಗೆ ಉಳಿಯುತ್ತಿದ್ದದ್ದು ಅಶನ, ವಸನ. ಗಂಡನ ಹೆಸರಿಗೆ ದತ್ತಕ ತೆಗೆದುಕೊಂಡರೆ ಪಾಲು ಮರಳುತ್ತಿತ್ತು. ಆದರೆ ದತ್ತಕಕ್ಕೆ ಮೈದುನರ ಒಪ್ಪಿಗೆ ಬೇಕೇ? ಬೇಕು ಎಂದು 1879ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ ರಾಮಜಿ ಮೊಕದ್ದಮೆಯಲ್ಲಿ ಹೇಳಿತು. ಪಾಲು ಕಳೆದುಕೊಳ್ಳುವವನನ್ನೇ ಪಾಲು ಕೊಡಲು ಅನುಮತಿ ಕೇಳು ಎಂದ ಹಾಗೆ! 1921ರಲ್ಲಿ ಪ್ರಿವಿ ಕೌನ್ಸಿಲ್ ಈ ನಿಯಮದ ಬಗ್ಗೆ ಸಂಶಯ ತೋರಿದರೂ ಮುಂಬಯಿಯ ನ್ಯಾಯಾಧೀಶರು ಆ ದಶಕದ ನಡುವೆ ಮತ್ತೊಂದು ಪೂರ್ಣಪೀಠ ಕೂಡಿಸಿ ಹಳೆಯ ಮಾತಿಗೇ ಅಂಟಿಕೊಂಡರು. ಕೊನೆಗೆ 1932ರಲ್ಲಿ ಭೀಮಾಬಾಯಿ ವಿರುದ್ಧ ಗುರುನಾಥಗೌಡ ಎಂಬ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಗಂಡ ಬೇಡವೆಂದು ಹೇಳಿರದಿದ್ದರೆ, ಮುಂಬಯಿ ಪ್ರಾಂತದ ವಿಧವೆ ಯಾರನ್ನೂ ಕೇಳದೆ ದತ್ತಕ ತೆಗೆದುಕೊಳ್ಳಬಹುದು ಎಂದಾಯಿತು. ಐವತ್ತಮೂರು ವರ್ಷಗಳ ನಡುವೆ ಎಷ್ಟು ವಿಧವೆಯರು ಮೈದುನರ ಬಾಗಿಲಲ್ಲಿ ನಿಂತು ಹಿಂದಿರುಗಿದರೋ, ಲಾ ರಿಪೋರ್ಟುಗಳಲ್ಲಿ ಅದರ ಲೆಕ್ಕ ಸಿಗದು.

ಆಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 1943ರಲ್ಲಿ ತೀರ್ಮಾನವಾದ ಅನಂತ ಭಿಕಪ್ಪ ಪಾಟೀಲನ ಪ್ರಕರಣದಲ್ಲಿ ಮನೆಯ ಕೊನೆಯ ಗಂಡುಮಗ 1917ರಲ್ಲಿ ತೀರಿದ್ದ. ವತನದ ನೆಲ ದಾಯಾದಿಗೆ ಹೋಗಿತ್ತು. ತಾಯಿ 1930ರಲ್ಲಿ ತನ್ನ ಗಂಡನ ಹೆಸರಿಗೆ ದತ್ತಕ ತೆಗೆದುಕೊಂಡಳು. ಹದಿಮೂರು ವರ್ಷ ದಾಯಾದಿ ಉಂಡ ನೆಲವೂ ದತ್ತಕ ಮಗನಿಗೆ ಮರಳುತ್ತದೆ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ದತ್ತಕಕ್ಕೆ ಕಾಲದ ಗಡಿಯೇ ಇಲ್ಲದಂತಾಯಿತು. ವಿಜಾಪುರದ ಕೋರ್ಟಿನಲ್ಲಿ ಹುಟ್ಟಿದ ಕಾಂಗೋ ಮನೆತನದ ದಾವೆಯಲ್ಲಂತೂ 1897ರಲ್ಲಿ ತೀರಿದವನಿಗೆ 1944ರಲ್ಲಿ ಮಗ ಬಂದಿದ್ದ. ಅಷ್ಟು ವರ್ಷ ಗೇದು ಉಂಡವನಿಗೆ ತನ್ನ ಹೊಲ ತನ್ನದೇ ಎಂಬ ಭರವಸೆ ಎಲ್ಲಿಂದ ಬರಬೇಕು? 1954ರಲ್ಲಿ ಸುಪ್ರೀಂ ಕೋರ್ಟು ಮಧ್ಯದಾರಿ ಹಿಡಿಯಿತು. ಕೂಡುಕುಟುಂಬದ ಆಸ್ತಿಯಲ್ಲಿ ದತ್ತಕ ಮಗನಿಗೆ ಪಾಲುಂಟು, ದಾಯಾದಿಯಿಂದ ಬೇರೊಬ್ಬನಿಗೆ ವಾರಸಾಗಿ ಹೋದ ಆಸ್ತಿಯನ್ನು ಅವನು ಕಿತ್ತುಕೊಳ್ಳಲಾರ. 1956ರ ದತ್ತಕ ಕಾಯಿದೆ, ದತ್ತಕಕ್ಕೆ ಮೊದಲೇ ಒಬ್ಬನಿಗೆ ಸೇರಿದ ಆಸ್ತಿಯನ್ನು ದತ್ತಕದಿಂದ ಕಸಿಯಲಾಗದು ಎಂದು ಬರೆದು ಈ ಅಧ್ಯಾಯವನ್ನು ಮುಗಿಸಿತು.

ಅದೇ 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮೇಲ್ಮನವಿಯ ದಾರಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು. ಮುಂಬಯಿಯ ಕಾಯಿದೆಗಳು ಮಾತ್ರ ಹಾಗೆಯೇ ಉಳಿದವು. ಪರಗಣಾ ಮತ್ತು ಕುಲಕರ್ಣಿ ವತನಗಳು 1951ರ ಮೇ 1ರಿಂದಲೇ ರದ್ದಾಗಿದ್ದವು. ಗೌಡಕಿ, ತಳವಾರಕಿ, ವಾಲೀಕಾರಕಿಗಳು ಮೈಸೂರಿನ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಂತೆ 1963ರ ಫೆಬ್ರುವರಿ 1ರಂದು ಹೋದವು. ಎರಡರಲ್ಲೂ ಕ್ರಮ ಒಂದೇ: ನೆಲ ಮೊದಲು ಸರ್ಕಾರಕ್ಕೆ, ಅಲ್ಲಿಂದ ಹಿಂದಿನ ಹಕ್ಕುದಾರನಿಗೇ ಮರುಮಂಜೂರಿ.

ಈ ‘ಮರುಮಂಜೂರಿ’ ಎಂಬ ಒಂದು ಪದ ಹಳೆಯ ಪ್ರಶ್ನೆಯನ್ನು ಮತ್ತೆ ಎಬ್ಬಿಸಿತು. ಆದೇಶದಲ್ಲಿ ಇರುವುದು ಹಿರಿಯನ ಹೆಸರು. ಸರ್ಕಾರ ನನಗೆ ಹೊಸದಾಗಿ ಕೊಟ್ಟಿತು, ಇದು ನನ್ನ ಸ್ವಂತದ್ದು ಎಂದು ಅವನ ವಾದ. ಮನೆತನದ ನೆಲ ಮನೆತನಕ್ಕೇ ಮರಳಿತು ಎಂದು ತಮ್ಮಂದಿರ ವಾದ. ಶಿಗ್ಗಾವಿಗೆ ನೆರೆಯಾದ ಕುಂದಗೋಳದ ದೇಶಗತಿಯ ಮೊಕದ್ದಮೆಯಲ್ಲಿ ಇದು ಇತ್ಯರ್ಥವಾಯಿತು. ಕುಂದಗೋಳ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಅಲ್ಲಿ ಹಿರಿಯನಿಗೇ ಇಡೀ ಆಸ್ತಿ ಎಂಬ ಸಂಪ್ರದಾಯವನ್ನು ಮುಂದೊಡ್ಡಲಾಗಿತ್ತು. ವತನ ಹೋದಾಗ ಅದರ ಜೊತೆಗೇ ಒಡೆಯಲಾಗದೆಂಬ ಕಟ್ಟೂ ಹೋಯಿತು, ಮರುಮಂಜೂರಿಯ ಫಲ ಕುಟುಂಬದ ಎಲ್ಲರಿಗೂ ಸೇರುತ್ತದೆ ಎಂಬ ಕರ್ನಾಟಕ ಹೈಕೋರ್ಟಿನ ನಿಲುವನ್ನು 1982ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಉತಾರದಲ್ಲಿ ಒಬ್ಬನದೇ ಹೆಸರಿದ್ದರೂ ಪಾಲು ಕೇಳಬಹುದು ಎಂಬ ಧೈರ್ಯ ತಮ್ಮಂದಿರ ಮಕ್ಕಳಿಗೆ ಬಂದದ್ದು ಇದರಿಂದ. ಹೆಣ್ಣುಮಕ್ಕಳ ಪಾಲಿನ ಕಥೆ ಬೇರೆ. ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎಂದು ಅದು ಇನ್ನೊಂದು ಲೇಖನಕ್ಕೆ ಆಗುವಷ್ಟು ಇದೆ.

ಮನೆಯೊಳಗಿನ ಜಗಳ ಹೀಗೆ ತೀರಿದರೆ, ಮನೆಯ ಹೊರಗಿನ ಜಗಳ ತಳವಾರ, ವಾಲೀಕಾರ, ಮಾದರರ ತುಂಡು ನೆಲಗಳದು. ಮರುಮಂಜೂರಿ ಆದೇಶಕ್ಕೆ ಕಾಯುವ ತಾಳ್ಮೆ ಬಡವನಿಗೆಲ್ಲಿ? ಮದುವೆಗೋ ಸಾಲಕ್ಕೋ ಎಷ್ಟೋ ಜನ ಆದೇಶ ಬರುವ ಮೊದಲೇ ಖರೀದಿ ಪತ್ರ ಬರೆದುಕೊಟ್ಟಿದ್ದರು. ಸರ್ಕಾರ 1978ರ ಆಗಸ್ಟ್ 7ರಂದು ಕಾಯಿದೆಯನ್ನು ತಿದ್ದಿ, ಇಂಥ ನೆಲವನ್ನು ಕುಟುಂಬದ ವಾಟ್ನಿ ಬಿಟ್ಟು ಬೇರೆ ರೀತಿಯಲ್ಲಿ 15 ವರ್ಷ ಪರಭಾರೆ ಮಾಡಬಾರದೆಂದಿತು. ಮೊದಲೇ ಆದ ಮಾರಾಟಗಳ ಗತಿಯೇನು? ಲಕ್ಷ್ಮಣಗೌಡ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಕಾಯಿದೆ ಜಾರಿಯಾದ ದಿನವೇ ಹುದ್ದೆದಾರನಿಗೆ ಮರುಮಂಜೂರಿಯ ಹಕ್ಕು ಹುಟ್ಟಿತು. ಆಮೇಲೆ ಬಂದ ಆದೇಶದ ಫಲ ಅವನಿಂದ ಕೊಂಡವನಿಗೇ ಸಲ್ಲುತ್ತದೆ. ಆದ್ದರಿಂದ 1963 ಮತ್ತು 1978ರ ಆ ಎರಡು ತಾರೀಖುಗಳ ನಡುವಿನ ಮಾರಾಟಕ್ಕೆ ರಕ್ಷಣೆ ಇದೆ.

ತರ್ಕವಾಗಿ ನೋಡಿದರೆ ತೀರ್ಪಿನಲ್ಲಿ ಕುಂದಿಲ್ಲ. ಹಣ ಕೊಟ್ಟು ಕೊಂಡು, ಬಾವಿ ತೋಡಿದವನನ್ನು ಹೊರಹಾಕುವುದೂ ನ್ಯಾಯವಲ್ಲ. ಆದರೂ ಒಂದು ಮಾತು ಹೇಳಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ ಮರಳಿಸಲು ಅದೇ 1978ರಲ್ಲಿ ಬಂದ ಇನ್ನೊಂದು ಕಾಯಿದೆ, ‘ಮಂಜೂರಾದ ಜಮೀನು’ ಎಂಬುದರ ವ್ಯಾಖ್ಯೆಯಲ್ಲಿ ವಂಶಪಾರಂಪರ್ಯದ ಹುದ್ದೆಗಳಿಗೆ ಸಂಬಂಧಿಸಿದ ನೆಲವನ್ನು ಹೊರಗಿಟ್ಟಿದೆ. ಹೀಗಾಗಿ ತಲೆಮಾರುಗಳ ಕಾಲ ಊರ ಚಾಕರಿ ಮಾಡಿ ನೆಲ ಪಡೆದ ಮಾದರನ ಮಗನಿಗೆ ಈ ಬಾಗಿಲು ಮುಚ್ಚಿದೆ. ಸರ್ಕಾರ ಕರೆದು ಕೊಟ್ಟ ನೆಲ ಕಳೆದುಕೊಂಡ ಅವನ ನೆರೆಯವನಿಗೆ ತೆರೆದಿದೆ. ಇಬ್ಬರೂ ಒಂದೇ ಕೇರಿಯವರು.

2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ದುಂಡಸಿಯ ಕಕ್ಷಿಗಾರ ಈಗ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟು ಸಂಜೆ ಮರಳಬಹುದು. ತಳವಾರಕಿ ಹೊಲದ ಖರೀದಿ ಪತ್ರವನ್ನು ಮೇಜಿನ ಮೇಲೆ ಬಿಡಿಸಿದಾಗ ವಕೀಲರ ಕಣ್ಣು ಮೊದಲು ಹುಡುಕುವುದು ತಾರೀಖನ್ನು: 1963ರ ಫೆಬ್ರುವರಿ 1ರ ಈಚೆಗೋ, 1978ರ ಆಗಸ್ಟ್ 7ರ ಆಚೆಗೋ.