ಕಿತ್ತು ಬಿಸಾಕಬೇಕಿದ್ದ ಒಂದು ವಾಲ್ವ್‌ನ ಕಥೆ

ಇವತ್ತಿನ ಕಥೆ ಹೆಬ್ಬೆರಳಿನಷ್ಟಿರೋ ಒಂದು ವಾಲ್ವ್‌ದು.

ಕನಕಪುರದಲ್ಲಿರೋ ನಮ್ಮ ದೊಡ್ಡಪ್ಪನ ಮಗನ ಹತ್ರ ಒಂದು ಹಳೇ ಕಾರ್ಬ್ಯುರೇಟರ್ ಜಿಪ್ಸಿ ಇದೆ. ಅಣ್ಣ ಅದಕ್ಕೆ ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿಸಿದ. ಮಾಗಡಿ ಕಡೆ, ಸಾವನದುರ್ಗದ ದಾರಿಯಲ್ಲಿ ಗಾಡಿ ಹಾರ್ತಿತ್ತು. ಆದ್ರೆ ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗಿ ಆಫ್. ಒಂದು ಅಂಗಡಿಯಲ್ಲಿ ಪೈಪಿನ ಅಳತೆಗೆ ಕೂರೋ ಯಾವುದೋ ಹೊಸ ಪಿಸಿವಿ ವಾಲ್ವ್ ಹಾಕಿದ್ರು, ಸರಿಹೋಗಲಿಲ್ಲ. ಕೊನೆಗೆ "ಕಿತ್ತಾಕಿ, ಒಂದು ಚಿಕ್ಕ ಫಿಲ್ಟರ್ ಸಿಕ್ಕಿಸಿ ಗಾಳಿಗೆ ಬಿಟ್ಬಿಡಿ" ಅಂದ್ರು. ಅಣ್ಣ ಹಾಗೇ ಮಾಡಿದ. ಮೊದಲ ವಾರವೇ ಹಿಂದೆ ಕೂತಿದ್ದ ಅವನ ಮಗಳು ಮೂಗು ಮುಚ್ಕೊಂಡು, "ಚಿಕ್ಕಪ್ಪ, ತಲೆನೋವು" ಅಂದ್ಲು. ನಾನು ಬಿಕಾಂ ಓದಿದವನು, ಇಂಜಿನ್ ನನ್ನ ವಿಷಯ ಅಲ್ಲ. ಆದ್ರೂ ಈ ವಾಲ್ವ್ ಯಾಕೆ ಬಂತು ಅಂತ ಹುಡುಕೋಕೆ ಶುರು ಮಾಡಿದೆ.

ಪೆಟ್ರೋಲ್ ಉರಿದಾಗ ಸ್ವಲ್ಪ ಅನಿಲ ಪಿಸ್ಟನ್ ರಿಂಗ್ ದಾಟಿ ಕೆಳಗೆ, ಆಯಿಲ್ ಇರೋ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತೆ. ಅದರಲ್ಲಿ ಉರಿಯದ ಪೆಟ್ರೋಲ್, ನೀರಾವಿ ಎಲ್ಲ ಇರುತ್ತೆ. ಹೊರಗೆ ಬಿಡದಿದ್ದರೆ ಒತ್ತಡ ಏರಿ ಆಯಿಲ್ ಸೀಲ್ ಸೋರುತ್ತೆ, ಆಯಿಲ್ ಕೆಸರಾಗುತ್ತೆ. ಹಳೇ ಕಾಲದ ಉಪಾಯ ಸರಳ: ಇಂಜಿನ್‌ನಿಂದ ರಸ್ತೆ ಕಡೆಗೆ ಒಂದು ತೆರೆದ ಪೈಪ್. ಗಾಡಿ ಓಡುವಾಗ ಗಾಳಿಯೇ ಹೊಗೆಯನ್ನು ಎಳೆದುಕೊಳ್ಳುತ್ತೆ. ನಿಂತಾಗ ಎಳೆಯಲ್ಲ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಲಾಭ ನನ್ನ ಖಾತೆಗೆ, ಖರ್ಚು ಊರಿನ ಖಾತೆಗೆ.

ಎರಡನೇ ಮಹಾಯುದ್ಧದ ಜೀಪ್‌ಗಳಲ್ಲಿ ಬೇರೆ ವ್ಯವಸ್ಥೆ ಇತ್ತು. ಹೊಳೆ ದಾಟೋ ಗಾಡಿಗೆ ಕೆಳಗೆ ತೆರೆದ ಪೈಪ್ ಇದ್ರೆ ನೀರು ಒಳಗೆ ಬರುತ್ತೆ. ಅದಕ್ಕೆ ಕ್ರ್ಯಾಂಕ್‌ಕೇಸ್ ಹೊಗೆಯನ್ನು ಒಂದು ವಾಲ್ವ್ ಮೂಲಕ ಮತ್ತೆ ಇಂಜಿನ್‌ಗೇ ಕೊಟ್ಟು ಸುಡ್ತಿದ್ರು. ಊರಿನ ಗಾಳಿಗೆ ಇದು ಬೇಕು ಅಂತ ಗೊತ್ತಾಗಿದ್ದು ಆಮೇಲೆ, ಲಾಸ್ ಏಂಜಲೀಸ್‌ನಲ್ಲಿ. ಕಣ್ಣುರಿಸೋ ಮಂಜಿಗೆ ವಾಹನದ ಹೊಗೆ ಮತ್ತು ಬಿಸಿಲು ಸೇರಿ ಕಾರಣ ಅಂತ 1950ರ ದಶಕದ ಆರಂಭದಲ್ಲಿ ವಿಜ್ಞಾನಿ ಹಾಗೆನ್-ಸ್ಮಿಟ್ ತೋರಿಸಿಕೊಟ್ರು. ಆಗಿನ ಕಾರುಗಳು ಬಿಡ್ತಿದ್ದ ಹೈಡ್ರೋಕಾರ್ಬನ್‌ನಲ್ಲಿ ಸುಮಾರು ಐದನೇ ಒಂದು ಭಾಗ ಬರ್ತಿದ್ದಿದ್ದೇ ಈ ತೆರೆದ ಪೈಪಿನಿಂದ. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಹೊಸ ಕಾರುಗಳಿಗೆ ಪಿಸಿವಿ ವಾಲ್ವ್ ಬಂತು.

ನಮ್ಮ ಕಡೆಗೆ ಬರೋಣ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿದ್ದು 1999ರ ಡಿಸೆಂಬರ್‌ನಲ್ಲಿ, ಕ್ವಾಲಿಸ್‌ನಿಂದ. ಕೆಲವೇ ತಿಂಗಳಲ್ಲಿ, 2000ದ ಏಪ್ರಿಲ್‌ನಿಂದ, ದೇಶದಾದ್ಯಂತ 'ಇಂಡಿಯಾ 2000' ಹೊಗೆ ನಿಯಮ ಜಾರಿಗೆ ಬಂತು. ಆಗ ರಾಮನಗರ ಇನ್ನೂ ಜಿಲ್ಲೆಯೇ ಆಗಿರಲಿಲ್ಲ, ಆಗಿದ್ದು 2007ರಲ್ಲಿ. ರೇಷ್ಮೆ, ಗೊಂಬೆಗಳ ಸೀಮೆ ಕಾರುಗಳ ಸೀಮೆಯೂ ಆಯ್ತು.

ಸರಿ, ಅಣ್ಣನ ಜಿಪ್ಸಿಗೆ ಏನಾಗಿತ್ತು? ಚನ್ನಪಟ್ಟಣದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಹೋದ್ವಿ. ಅವರು ಮೊದಲು ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದ್ರು. "ನೋಡಪ್ಪಾ, ಮಾಮೂಲಿ ಇಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು ಎಳೀಬೇಕು. ನಿಮ್ಮದು 10 ದಾಟ್ತಿಲ್ಲ."

ವಾಲ್ವ್ ಒಳಗೆ ಒಂದು ಸ್ಪ್ರಿಂಗ್, ಒಂದು ಪ್ಲಂಜರ್. ಐಡಲ್‌ನಲ್ಲಿ ವ್ಯಾಕ್ಯೂಮ್ ಜೋರಾಗಿ ಎಳೆದಾಗ ಪ್ಲಂಜರ್ ಒಂದು ತುದಿಗೆ ಹೋಗಿ ದಾರಿ ಕಿರಿದಾಗುತ್ತೆ. ಹೈವೇಯಲ್ಲಿ ಎಳೆತ ಕಡಿಮೆಯಾದಾಗ ಮಧ್ಯಕ್ಕೆ ಬಂದು ದಾರಿ ಅಗಲವಾಗುತ್ತೆ. ಇಂಜಿನ್ ಬ್ಯಾಕ್‌ಫೈರ್ ಆದ್ರೆ ಪೂರ್ತಿ ಮುಚ್ಚಿಕೊಂಡು ಕ್ರ್ಯಾಂಕ್‌ಕೇಸ್‌ಗೆ ಬೆಂಕಿ ಹೋಗದಂತೆ ತಡೆಯುತ್ತೆ. ಹೊಸ ಕ್ಯಾಮ್‌ನಿಂದ ವ್ಯಾಕ್ಯೂಮ್ ಇಳಿದಿತ್ತು. ಹಾಗಾಗಿ ಗಾಡಿ ನಿಂತಿದ್ರೂ ವಾಲ್ವ್ ಹೈವೇಯಲ್ಲಿ ಓಡ್ತಿದೀನಿ ಅನ್ಕೊಂಡು ಬೇಡದ ಗಾಳಿ ಬಿಡ್ತಿತ್ತು. ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಇಂಜಿನ್ ನಡುಗ್ತಿತ್ತು.

ಪರಿಹಾರ ಎರಡು. ಕಡಿಮೆ ವ್ಯಾಕ್ಯೂಮ್‌ಗೆ ತಕ್ಕ ಹಾಗೆ ಐಡಲ್ ಮತ್ತು ಹೈವೇ ಹರಿವನ್ನು ಬೇರೆ ಬೇರೆಯಾಗಿ ಹೊಂದಿಸಬಹುದಾದ ವಾಲ್ವ್ ಹಾಕೋದು ಒಂದು. ವ್ಯಾಕ್ಯೂಮ್ ತೀರಾ ಕಡಿಮೆ ಇದ್ದು ಪ್ಲಂಜರ್ ಸ್ಥಿರವಾಗಿ ನಿಲ್ಲದೇ ಇದ್ರೆ ಒಂದೇ ಅಳತೆಯ ತೂತಿನ ಹರಿವು ಇನ್ನೊಂದು. ಅಣ್ಣ ಮೊದಲನೆಯದನ್ನ ತರಿಸಿದ. ಆಯಿಲ್ ಹನಿ ಹಿಡಿಯೋಕೆ ನಡುವೆ ಒಂದು ಡಬ್ಬಿ ಕೂರಿಸಿದ್ರು. ಗೇಜ್ ನೋಡ್ಕೊಂಡು ಹೊಂದಿಸೋಕೆ ಅರ್ಧ ದಿನ ಹಿಡೀತು.

ದುಡ್ಡು ಕೊಡುವಾಗ ಅಣ್ಣ ಗೊಣಗಿದ: "ಇಷ್ಟು ಚಿಕ್ಕದಕ್ಕೆ ಇಷ್ಟೊಂದಾ?" ಮೆಕ್ಯಾನಿಕ್ ಹಿಂದಿನ ಸೀಟಲ್ಲಿದ್ದ ಮಗು ಕಡೆ ನೋಡಿ, "ಕಿತ್ತಾಕಿದ್ದಾಗ ಬಿಲ್ ಬರ್ತಿತ್ತಲ್ಲ, ಅದು ಇವಳಿಗೆ ಬರ್ತಿತ್ತು" ಅಂದ್ರು. ಅಣ್ಣ ಮಾತಾಡದೆ ಎಣಿಸಿ ಕೊಟ್ಟ.

ನಿಮ್ಮ ಗಾಡಿಗೂ ಯಾರಾದ್ರೂ "ಕಿತ್ತಾಕಿ" ಅಂದ್ರೆ, ಮೊದಲು ಗೇಜ್ ಹಾಕಿ ನೋಡೋಕೆ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.