ಮಣ್ಣಿನ ಏರಿ, ಹೆಣ್ಣಿನ ಹೆಸರು

ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡ ಊರು ನಮ್ಮ ದಾವಣಗೆರೆ. ಆದರೂ ಈ ಸೀಮೆಯಲ್ಲಿ ದೊಡ್ಡ ಕೆರೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಪಾಠದ ನಡುವೆ ಆ ಹೆಸರು ಬಂದರೆ ಹುಡುಗರು ಕಿಸಕ್ಕನೆ ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಮರ್ಯಾದೆಯ ಹೆಸರು ಶಾಂತಿಸಾಗರ. ನಾನು ಮಾತ್ರ ಎರಡನ್ನೂ ಹಲಗೆಯ ಮೇಲೆ ಬರೆಯುತ್ತೇನೆ.

ಜನರು ಹೇಳುವ ಕಥೆ ಹೀಗಿದೆ. ಸ್ವರ್ಗಾವತಿಯ ರಾಜಕುಮಾರಿ ಶಾಂತವ್ವನ ಮೇಲೆ ಅಪವಾದ ಬಂತು. ಅದನ್ನು ತೊಳೆದುಕೊಳ್ಳಲು ಆಕೆ ಕೆರೆ ಕಟ್ಟಿಸಲು ಹೊರಟಳು. ಬೇಕಾದ ಜಾಗ ಸೂಳೆಯರದು. ಅವರು ಕೊಟ್ಟರು, ಆದರೆ ಕೆರೆಗೆ ತಮ್ಮ ಹೆಸರೇ ಇರಬೇಕೆಂದರು. ರಾಜಕುಮಾರಿ ಒಪ್ಪಿದಳು.

ಕಥೆ ಎಷ್ಟು ನಿಜವೋ, ಏರಿಯಂತೂ ನಿಜ. ಎಂಟುನೂರು ವರ್ಷಗಳಿಗೂ ಹಿಂದಿನದು ಎನ್ನುತ್ತಾರೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಹೇರಿ ಕಟ್ಟಿದ್ದು. ಮೈಸೂರಿನ ಗೆಜೆಟಿಯರ್ ಬರೆದ ರೈಸ್ ಸಾಹೇಬರು ಅದರ ಉದ್ದ ಕೇವಲ 950 ಅಡಿ ಎಂದು ದಾಖಲಿಸಿದ್ದಾರೆ. ಆದರೆ ಅಗಲ, ಎತ್ತರಗಳು ಮಾತ್ರ ಅಗಾಧ. ಅಲೆ ಬಡಿದು ಮಣ್ಣು ಕರಗದಂತೆ ನೀರಿನ ಕಡೆಗೆ ಕಲ್ಲಿನ ಹೊದಿಕೆ. ನೀರು ಬಿಡಲು ಸಿದ್ಧ, ಬಸವ ಎಂಬ ಎರಡು ತೂಬುಗಳು. ಗುಡ್ಡಗಳಿಂದ ನುಗ್ಗಿ ಬರುವ ಮಳೆನೀರು ಇಲ್ಲಿ ನಿಂತು, ದಣಿವಾರಿಸಿಕೊಂಡು, ನಿಧಾನವಾಗಿ ಗದ್ದೆ ತೋಟಗಳಿಗೂ ಹರಿಹರದ ತುಂಗಭದ್ರೆಗೂ ಹೋಗುತ್ತದೆ. ಮಲೆನಾಡಿನ ಮಳೆಗೆ ತುಂಗಭದ್ರೆಯೇ ಉಕ್ಕಿದರೆ ಈ ಕೆರೆ ತಡೆಯಲಾರದು. ಹರಿದ್ರೆಯ ಆವೇಶವನ್ನಷ್ಟೇ ತಗ್ಗಿಸುತ್ತದೆ.

ಮಣ್ಣಿನ ಕಟ್ಟೆಗೆ ದೊಡ್ಡ ಶತ್ರು ಅದರ ನೆತ್ತಿಯ ಮೇಲೆ ಹರಿಯುವ ನೀರು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟಿನಲ್ಲಿ ಆದದ್ದು ಅದೇ. ಬಂದ ಪ್ರವಾಹ ಬಾಗಿಲುಗಳಿಗೆ ನಿಲುಕಲಿಲ್ಲ. ಮಣ್ಣಿನ ಏರಿಗಳು ಕೊಚ್ಚಿಹೋಗಿ ಮೋರ್ವಿ ಪಟ್ಟಣ ಮುಳುಗಿತು, ಸಾವಿರಾರು ಜನ ಸತ್ತರು. ಅದಕ್ಕೇ ಹಳಬರು ಏರಿಯಷ್ಟೇ ಕೋಡಿಯನ್ನೂ ಕಾಯ್ದರು. ಏರಿಯಲ್ಲಿ ಹೆಗ್ಗಣದ ಬಿಲ ಕಂಡರೂ ಮುಚ್ಚಬೇಕು, ಗಿಡ ಬೇರುಬಿಟ್ಟರೂ ಕೀಳಬೇಕು. ಮನೆವಾರ್ತೆಯ ಹಾಗೆ ಇದು ಮುಗಿಯುವ ಕೆಲಸವಲ್ಲ, ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಟ್ಟ ದಿನ ಮಾತ್ರ ಊರಿಗೆಲ್ಲ ತಿಳಿಯುತ್ತದೆ.

ಇಂದು ಈ ಕೆರೆಗೆ ಹೂಳಿನ ಕಾಟ, ಒತ್ತುವರಿಯ ಕಾಟ. ಅಂಗಳ ಕಿರಿದಾದಷ್ಟೂ ಅದು ಹಿಡಿದಿಡುವ ಮಳೆ ಕಡಿಮೆ. ಹೆಸರನ್ನು ತಿದ್ದಲು ನಮಗಿರುವ ಅವಸರ ಗಡಿಯನ್ನು ಉಳಿಸಲು ಕಾಣುವುದಿಲ್ಲ.

ನಮ್ಮ ಕಾಲದ ಜಲಾಶಯಗಳಲ್ಲಿ ನೆಲ ಬಿಟ್ಟುಕೊಟ್ಟವರ ಹೆಸರು ಎಲ್ಲಿದೆ, ಹೇಳಿ? ಇಲ್ಲಿ ಊರು ಕೀಳಾಗಿ ಕಂಡ ಹೆಂಗಸರು ನೆಲ ಕೊಟ್ಟು, ಹೆಸರು ಉಳಿಸಿಕೊಂಡರು. ಅವರ ನೀರು ಕುಡಿದು ಅವರ ಹೆಸರು ಹೇಳಲು ನಾಚುವುದು ಯಾವ ನ್ಯಾಯ? ನಗುವ ಮಕ್ಕಳಿಗೆ ನಾನು ಗದರುವುದಿಲ್ಲ. ಕಥೆ ಹೇಳುತ್ತೇನೆ. ಮುಗಿಯುವ ಹೊತ್ತಿಗೆ ತಲೆ ತಗ್ಗಿಸಿದ ಹುಡುಗಿಯರು ತಲೆಯೆತ್ತಿರುತ್ತಾರೆ.